ಹಳೆಯ ಬಾಯ್ಲರಿಗೆ ನಾನು ಕೊಟ್ಟ ತೀರ್ಪು

ನಾನು ಆತುರದ ಮನುಷ್ಯನಲ್ಲ. ಒಂದು ಬಾಯ್ಲರನ್ನು ಬದಲಾಯಿಸಬೇಕೇ ಬೇಡವೇ ಎಂದು ಎರಡು ಚಳಿಗಾಲ ಯೋಚಿಸಿದವನು!

ನಮ್ಮ ಮನೆ ಇರುವುದು ಅಕ್ಸ್‌ಬ್ರಿಡ್ಜ್ ದಾಟಿ, ಕುದುರೆ ಮೇಯುವ ಹೊಲಗಳು ಶುರುವಾಗುವ ಕಡೆ. ಲಂಡನ್ ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. ಗ್ಯಾಸ್ ಪೈಪು ಮಾತ್ರ ನಮ್ಮ ಬೀದಿಯ ತನಕ ಬಂದಿಲ್ಲ. ಸ್ನಾನದ ನೀರು ಕಾಯುವುದೂ ಕೋಣೆ ಬೆಚ್ಚಗಿಡುವ ರೇಡಿಯೇಟರು ಬಿಸಿಯಾಗುವುದೂ ಸೀಮೆಎಣ್ಣೆಯಲ್ಲಿ ಉರಿಯುವ ಬಾಯ್ಲರಿನಿಂದ. ಮನೆಯ ಜೊತೆಗೇ ಬಂದ ಆ ಮುದಿ ಯಂತ್ರ ಗೊರಗುಟ್ಟುತ್ತಿತ್ತು, ಕೆಮ್ಮುತ್ತಿತ್ತು, ಆದರೆ ಒಂದು ದಿನವೂ ರಜೆ ಹಾಕಿರಲಿಲ್ಲ. ಪರ, ವಿರೋಧ ಎಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದ್ದೆ. ಎರಡೂ ಕಡೆ ಹದಿನಾಲ್ಕು ಅಂಶಗಳು!

ಜನವರಿಯ ಒಂದು ಬೆಳಿಗ್ಗೆ ಅದು ನಿಂತಿತು. ಮೈಸೂರಿನಿಂದ ಬಂದು ಮೂರೇ ದಿನವಾಗಿದ್ದ ಅತ್ತೆಯವರು ಎರಡು ಸ್ವೆಟರಿನ ಮೇಲೆ ನನ್ನ ಆಫೀಸಿನ ಕೋಟು ತೊಟ್ಟು ಸೋಫಾದಲ್ಲಿ ಮುದುಡಿ ಕುಳಿತರು.

"ರೀ, ಯಾರಿಗಾದ್ರೂ ತೋರ್ಸಿ," ಎಂದಳು ಹೆಂಡತಿ ವಿಜಯ.

"ತೋರ್ಸೋಕೇನಿದೆ? ನಾನೇ ನೋಡ್ತೀನಿ."

ಬಾಯ್ಲರಿನಲ್ಲಿ ಒಂದು ಕೆಂಪು ಗುಂಡಿ ಇದೆ. ಒತ್ತಿದೆ. ಗುರ್ ಎಂದು ನಿಂತಿತು. ಒಂಬತ್ತು ಸಲ ಒತ್ತಿದೆ; ಒಂಬತ್ತು ಸಲವೂ ಅದೇ ಉತ್ತರ. ಮುಚ್ಚಳ ಬಿಚ್ಚಿ ಬ್ರಷ್ಷಿನಿಂದ ಉಜ್ಜಿದೆ. ಒಳಗಿನ ಮಸಿಯೆಲ್ಲ ನನ್ನ ಮುಖಕ್ಕೆ ವರ್ಗವಾಯಿತು. ಹೊರಬಂದು ಗಂಭೀರವಾಗಿ ಘೋಷಿಸಿದೆ: "ಇದರ ಆಯಸ್ಸು ಮುಗೀತು. ಹೊಸದು ತರ್ಸೋಣ."

"ಡಾಕ್ಟರು ನೋಡೋ ಮೊದ್ಲೇ ಡೆತ್ ಸರ್ಟಿಫಿಕೇಟಾ?"

ಯಂತ್ರಗಳ ವಿಷಯದಲ್ಲಿ ಭಾವುಕತೆ ಸಲ್ಲದೆಂದು ಅವಳಿಗೆ ತಿಳಿಹೇಳಿದೆ.

ಹೊಸದು ಬರಲು ನಾಲ್ಕು ದಿನ. ಅಷ್ಟೂ ದಿನ ಅತ್ತೆಯವರ ಸ್ನಾನದ ನೀರು ಕೆಟಲಿನಲ್ಲಿ ಕಾಯಿತು. ಆರು ಕೆಟಲಿಗೆ ಒಂದು ಬಕೆಟ್ಟು. ಹೊತ್ತುಕೊಂಡು ಮಹಡಿ ಹತ್ತುವ ಕೆಲಸ ನನ್ನದು.

ಐದನೆಯ ದಿನ ಟೋನಿ ಎಂಬ ಫಿಟ್ಟರ್ ಬಂದ. ಅವನು ಎಣ್ಣೆಯ ಪೈಪು ಬಿಚ್ಚಿದಾಗ ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ. ಎಷ್ಟು ನೀಟಾದ ಕೆಲಸ ಎಂದು ಮೆಚ್ಚಿಕೊಂಡೆ! ಹಳೆಯದು ಅವನ ವ್ಯಾನು ಏರಿತು. ಹೊಸದು ಅದರ ಜಾಗದಲ್ಲಿ ಕೂತಿತು. ಟೋನಿ ಸ್ವಿಚ್ ಒತ್ತಿದ.

ಹೊಸ ಬಾಯ್ಲರ್ ಗುರ್ ಎಂದು ನಿಂತಿತು.

ಅವನು ಹಿತ್ತಲಿಗೆ ಹೋಗಿ ಎಣ್ಣೆಯ ಟ್ಯಾಂಕನ್ನು ಸ್ಪ್ಯಾನರಿನಿಂದ ತಟ್ಟಿದ. ಗಂಟೆಯಂತೆ ಢಣ್ ಎಂದಿತು.

"ಮೇಟ್, ಎಣ್ಣೆ ಕೊನೆಗೆ ತುಂಬಿಸಿದ್ದು ಯಾವಾಗ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಟ್ಯಾಂಕಿನ ಮೀಟರಲ್ಲಿ ಮುಳ್ಳು ಅರ್ಧ ತೋರಿಸ್ತಿದೆಯಲ್ಲ!"

ಟೋನಿ ಮೀಟರಿನ ಗಾಜಿಗೆ ಬೆರಳಿನಿಂದ ಬಡಿದ. ಮುಳ್ಳು ತಟಕ್ಕನೆ ಸೊನ್ನೆಗೆ ಬಿತ್ತು. ನಮ್ಮ ಮನೆಯಲ್ಲಿ ಎಣ್ಣೆ ಬಹಳ ಮಿತವಾಗಿ ಖರ್ಚಾಗುತ್ತದೆ ಎಂದು ಮೂರು ತಿಂಗಳಿಂದ ನಾನು ಹೆಮ್ಮೆಪಡುತ್ತಿದ್ದುದು ಆ ಮುಳ್ಳನ್ನು ನೋಡಿಯೇ.

ವಿಜಯ ಸೀದಾ ಒಳಗೆ ಹೋಗಿ ಕೆಟಲಿಗೆ ನೀರು ತುಂಬಿದಳು. ಬೈದಿದ್ದರೆ ಎಷ್ಟೋ ಬೆಚ್ಚಗಿರುತ್ತಿತ್ತು!

ಬಾಯಿ ಬಿಟ್ಟವರು ಅತ್ತೆ. "ಒಲೆ ಹತ್ತದಿದ್ರೆ ನಾವು ಮೊದ್ಲು ಸೌದೆ ಇದ್ಯಾ ಅಂತ ನೋಡ್ತಿದ್ವಪ್ಪ. ಇಲ್ಲಿ ಮೊದ್ಲು ಒಲೆ ಒಡೀತಾರೆ ಅಂತ ನಂಗೆ ಗೊತ್ತಿರ್ಲಿಲ್ಲ."

ಎಣ್ಣೆಯ ಲಾರಿ ಬರಲು ಮತ್ತೆ ಮೂರು ದಿನ. ಮತ್ತೆ ಕೆಟಲು, ಮತ್ತೆ ಮಹಡಿ.

ಮುಂದಿನ ವರ್ಷ ಟೋನಿ ಸರ್ವಿಸ್‌ಗೆ ಬಂದಾಗ ಚಹಾ ಕೊಟ್ಟು, ಹಳೆಯ ಬಾಯ್ಲರ್ ಗುಜರಿಗೆ ಹೋಯಿತೇ ಎಂದು ವಿಚಾರಿಸಿದೆ.

"ಗುಜರಿಗಾ? ಅಣ್ಣನ ವರ್ಕ್‌ಶಾಪಿನಲ್ಲಿ ಹಾಕಿದೀನಿ. ಮೊದಲನೇ ಸಲಕ್ಕೇ ಹತ್ತಿಕೊಳ್ತು. ಈಗ ಅಲ್ಲಿ ಎಲ್ಲರೂ ಬರೀ ಶರ್ಟಿನಲ್ಲೇ ಕೆಲಸ ಮಾಡ್ತಾರೆ!"

ಅವನ ಬಾಯಿ ಮುಚ್ಚಿಸಲು ಅವಸರವಾಗಿ ಬಿಸ್ಕತ್ತಿನ ಡಬ್ಬಿ ಮುಂದಿಟ್ಟೆ.

"ರೀ, ಒಳಗೆ ಏನಾದ್ರೂ ಇದ್ಯಾ ಅಂತ ಮೊದ್ಲು ತೆಗೆದು ನೋಡಿ!" ಎಂದು ವಿಜಯ ಅಡುಗೆಮನೆಯಿಂದ ಕೂಗಿದಳು.

ನೋಡಿದೆ. ಇರಲಿಲ್ಲ.