ಒಂದೇ ಫೈಲು ಸಾಕು

ನಮ್ಮ ಕೆಲಸದಲ್ಲಿ ಮಾನ ಹೋಗುವುದಕ್ಕೆ ಮುಹೂರ್ತ ನೋಡಬೇಕಿಲ್ಲ, ಒಂದು ಫೋನು ಸಾಕು. ಮಧುಗಿರಿಯಲ್ಲಿ ಕೂತು ಸುತ್ತಲ ತಾಲೂಕುಗಳ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವವಳು ನಾನು. ಏನಾದರೂ ಬದಲಾದಾಗ ಇಡೀ ಸಾಫ್ಟ್‌ವೇರ್ ಕಳಿಸಿದರೆ ಡೌನ್‌ಲೋಡಿಗೇ ಅರ್ಧ ದಿನ. ಅದಕ್ಕೇ ಬದಲಾದ ಲೈಬ್ರರಿ ಫೈಲೊಂದನ್ನೇ ವಾಟ್ಸಾಪಿನಲ್ಲಿ ಕಳಿಸುತ್ತೇವೆ. ಬಿಲ್ಲು ಹಾಕುವ ಬುದ್ಧಿಯೆಲ್ಲ ಆ ಪುಟ್ಟ ಫೈಲಿನಲ್ಲಿರುತ್ತದೆ. ನನ್ನ ಬುದ್ಧಿ ಎಲ್ಲಿರುತ್ತದೋ ಗೊತ್ತಿಲ್ಲ.

೧

ಶಿರಾದ ಹಾರ್ಡ್‌ವೇರ್ ಅಂಗಡಿಯ ಸಾಹೇಬರಿಗೆ ಫೈಲು ಕಳಿಸಿ, "ಮೊಬೈಲ್ನ ಕಂಪ್ಯೂಟರ್ ಹತ್ರ ಇಟ್ಕೊಂಡಿರಿ, ಫೋನ್ ಮಾಡಿ ಹೇಳ್ತೀನಿ" ಅಂದೆ. ಮಾಡುವುದು ಮರೆತೆ. ಸಂಜೆ ಅವರೇ ಮಾಡಿದರು.

"ಮೇಡಂ, ಬೆಳಿಗ್ಗೆಯಿಂದ ಮೊಬೈಲ್ನ ಕಂಪ್ಯೂಟರ್ ಮೇಲೇ ಇಟ್ಟಿದೀನಿ, ಫೈಲು ಇಳೀಲೇ ಇಲ್ಲ. ಇನ್ನೂ ಹತ್ರ ಅಂದ್ರೆ ಒಳಗೇ ತುರುಕ್ಬೇಕು!"

೨

ಗೌಡಗೆರೆಯ ಕಡ್ಲೆಕಾಯಿ ವ್ಯಾಪಾರಿಗೆ ಅವಸರದಲ್ಲಿ ಮೆಡಿಕಲ್ ಶಾಪಿನ ಫೈಲು ಕಳಿಸಿಬಿಟ್ಟೆ. ಮೂಟೆಯ ಬಿಲ್ಲಿನ ಕೆಳಗೆ "ಊಟವಾದ ಮೇಲೆ, ದಿನಕ್ಕೆರಡು ಬಾರಿ" ಎಂದು ಅಚ್ಚಾಯಿತು. ನಾಚಿಕೆಯಿಂದ ಕ್ಷಮೆ ಕೇಳಿದೆ.

"ಇರ್ಲಿ ಬುಡಮ್ಮ, ತೆಗೀಬ್ಯಾಡ. ದಿನಕ್ಕೆರಡು ಸಲ ಅಂದ್ರೆ ಒಂದ್ ಮೂಟೆ ಸಾಲಲ್ಲ ಅಂತ ಗಿರಾಕಿ ಇನ್ನೊಂದು ಹೊತ್ಕಂಡೋದ."

೩

ಇದನ್ನು ಹೇಳಲು ಈಗಲೂ ಮುಜುಗರ. ಪಾವಗಡದಲ್ಲಿ ಎದುರುಬದುರು ಎರಡು ಗೊಬ್ಬರದಂಗಡಿ. ಒಂದರ ಫೈಲನ್ನು ಆಂಟಿವೈರಸ್ ಅಳಿಸಿಹಾಕಿತ್ತು, ಅವತ್ತು ಅಲ್ಲಿ ಇಂಟರ್ನೆಟ್ಟೂ ಇರಲಿಲ್ಲ. "ಎದುರಂಗಡಿಯಿಂದ ಪೆನ್‌ಡ್ರೈವ್‌ಗೆ ಹಾಕಿಸ್ಕೊಂಡು ಬನ್ನಿ" ಅಂತ ಫೋನಿನಲ್ಲಿ ಅಂದೆ. ಕಾಪಿ ಮಾಡಿಸಿಕೊಳ್ಳಿ ಅನ್ನಲಿಲ್ಲ.

ತಿಂಗಳಾದ ಮೇಲೆ, ನನ್ನ ಕೆಲಸ ಕಾಯಂ ಮಾಡುವ ಮುಂಚೆ ಗಿರಾಕಿಗಳನ್ನು ವಿಚಾರಿಸೋಣವೆಂದು ಕಂಪನಿಯ ಮಾಲೀಕರು ನನ್ನನ್ನೂ ಕರೆದುಕೊಂಡು ಫೈಲು ಕಳೆದುಕೊಂಡಿದ್ದ ಆ ಅಂಗಡಿಗೆ ಹೋದರು. ನಡುಮಧ್ಯಾಹ್ನವೇ ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಅಂಗಡಿಯವರು ಮೂಟೆಗಳ ಮೇಲೆ ಮಲಗಿದ್ದರು.

"ಯಾಕ್ರೀ, ವ್ಯಾಪಾರ ಇಲ್ವ?" ಅಂದರು ಮಾಲೀಕರು.

"ಬೆಳಿಗ್ಗೆ ನಮ್ದು ಸಾರ್. ಮಧ್ಯಾಹ್ನದ ಮ್ಯಾಲೆ ಫೈಲು ಎದುರಂಗಡಿಗೆ ಹೋಯ್ತದೆ. ಬೋರ್ ನೀರಿನಂಗೆ ಸರದಿ ಮಾಡ್ಕಂಡಿದೀವಿ."

ಅವರು ಕಾಪಿ ಅಲ್ಲ, ದಿನವೂ ಕಟ್ ಮಾಡಿ ಒಯ್ಯುತ್ತಿದ್ದರು. ಮಾಲೀಕರು ನನ್ನತ್ತ ನೋಡಿದರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ತಲೆತಗ್ಗಿಸಿಕೊಂಡು ಫೈಲನ್ನು ಎರಡೂ ಕಡೆ ಹಾಕಿದೆ. ಎರಡೂ ಕಡೆ ಬಿಲ್ಲು ಬಂತು.

"ಇವರನ್ನ ಕಾಯಂ ಮಾಡ್ಬೇಕು ಅಂತಿದ್ದೆ" ಅಂದರು ಮಾಲೀಕರು, ಮುಖ ಬಿಗಿದುಕೊಂಡು.

"ಪರ್ವಾಲೇದು, ಮಾಡಿ ಸಾರ್! ಮಧ್ಯಾಹ್ನ ನಿದ್ದೆ ಮಾಡಿ ಮಾಡಿ ನನ್ ಬೀಪಿ ಇಳಿದದೆ."

ಮಾಲೀಕರು ನಕ್ಕುಬಿಟ್ಟರು, ಕೆಲಸ ಉಳಿಯಿತು. ಆದರೂ ಆ ಶಿಫಾರಸು ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಹೊರಡುವಾಗ ಅಂಗಡಿಯವರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು:

"ಮೇಡಂ, ಫೈಲು ಎಲ್ಡಾದ ವಿಷ್ಯ ನಮ್ ಮನೆಯವ್ಳಿಗೆ ಮಾತ್ರ ಹೇಳ್ಬ್ಯಾಡಿ. ಮಲಗೋದು ಅಭ್ಯಾಸ ಆಗ್ಬುಟ್ಟದೆ."