ಕೆಂಪು ಕಾರಿಗೊಂದು ಹುಡ್

ಬಿಡಿಸಿಟ್ಟ ವಸ್ತುವನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಓದಿ ಬಿಸಾಕಿದ ಪೇಪರು, ಒಣಗಿದ ಟವೆಲು, ಮಳೆ ನಿಂತ ಮೇಲೂ ಬಾಯಿ ತೆರೆದು ಕೂತ ಕೊಡೆ, ಯಾವುದಾದರೂ ಸರಿ, ತಕ್ಷಣ ಮಡಚಿಬಿಡುತ್ತೇನೆ. ಒಮ್ಮೆ ನನ್ನ ಭಾವನವರು ಮಧ್ಯಾಹ್ನದ ನಿದ್ದೆಯ ನಡುವೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅವರ ಹಾಸಿಗೆಯನ್ನು ಸುತ್ತಿ ಕಪಾಟಿನ ಮೇಲೇರಿಸಿದ್ದೆ. ಅವರು ಆಮೇಲೆ ನಮ್ಮ ಮನೆಗೆ ಬಂದರೂ ಮಲಗುವುದಿಲ್ಲ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ದಾದರಿನ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ಮ್ಯಾನೇಜರಾಗಿದ್ದವನು ನಾನು. ಐದೂವರೆಗೆ ಶಟರ್ ಏಳಬೇಕು, ಐದೂ ಮುಕ್ಕಾಲಿಗೆ ಮೊದಲ ಇಡ್ಲಿ ಇಳಿಯಬೇಕು, ಬಳಸಿದ ವಸ್ತು ತನ್ನ ಜಾಗಕ್ಕೆ ತಾನಿದ್ದ ಹಾಗೆಯೇ ಮರಳಬೇಕು. ನಿವೃತ್ತನಾಗಿ ಜೋಗೇಶ್ವರಿಯ ಬಿಲ್ಡಿಂಗಿಗೆ ಬಂದು ಆರು ವರ್ಷವಾಯಿತು. ಹೋಟೆಲು ನನ್ನನ್ನು ಬಿಟ್ಟಿತು, ಆ ಶಿಸ್ತು ಬಿಡಲಿಲ್ಲ.

ಇಂಥ ಮನುಷ್ಯ ಎರಡೇ ಸೀಟಿನ, ತಲೆಯ ಮೇಲೆ ಮಾಡು, ಅಂದರೆ ಚಾವಣಿ, ಇಲ್ಲದ, ವಿಲಾಯತಿ ಸ್ಪೋರ್ಟ್ಸ್ ಕಾರನ್ನು ಮನೆಗೆ ತಂದನೆಂದರೆ ಯಾರೂ ನಂಬುವುದಿಲ್ಲ. ನನ್ನ ಹೆಂಡತಿ ಸುಮತಿ ಈಗಲೂ ನಂಬಿಲ್ಲ. ಹೋಟೆಲಿಗೆ ಪ್ರತಿದಿನ ಏಳೂ ಹತ್ತಕ್ಕೆ ಸರಿಯಾಗಿ ಬರುತ್ತಿದ್ದ ಪಾರ್ಸಿ ಹಿರಿಯರೊಬ್ಬರಿದ್ದರು. ಅವರು ಆ ಕೆಂಪು ಕಾರನ್ನು ಎದುರಿಗೆ ನಿಲ್ಲಿಸಿದರೆಂದರೆ ನಾನು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಅದರಲ್ಲಿ ಕೂತು ಮರೀನ್ ಡ್ರೈವಿನ ತನಕ ಹೋಗಿ ಬರುತ್ತಿದ್ದೆ. ಪಕ್ಕದ ಸೀಟಿನಲ್ಲಿ ಸುಮತಿ ಇರುತ್ತಿದ್ದಳು. ಅವಳಿಗೆ ಅದು ಗೊತ್ತಿರಲಿಲ್ಲ, ಅಷ್ಟೆ. ಕಳೆದ ವರ್ಷ ಆ ಹಿರಿಯರು ಮಗಳ ಮನೆಗೆ ಖಾಯಮ್ಮಾಗಿ ಹೊರಡುವಾಗ ನನ್ನನ್ನು ಕರೆಸಿ, "ನೀನು ಇದನ್ನು ದಿನಾ ನೋಡುತ್ತಿದ್ದದ್ದು ನನಗೆ ಗೊತ್ತು" ಎಂದು ಹೇಳಿ ಕೀಲಿಯನ್ನು ನನ್ನ ಕೈಗಿಟ್ಟರು. ಕಾರು ಚೆನ್ನಾಗಿಯೇ ಇತ್ತು. ಮಡಚುವ ಬಟ್ಟೆಯ ಹುಡ್ ಮಾತ್ರ ಇಲಿಗಳ ಪಾಲಾಗಿತ್ತು.

ಸುಮತಿ ಕಾರಿನ ಸುತ್ತ ಒಂದು ಸುತ್ತು ಬಂದು ತೀರ್ಪು ಕೊಟ್ಟಳು: "ನಾನು ಇದರಲ್ಲಿ ಕೂರುವುದಿಲ್ಲ. ಕೂದಲೆಲ್ಲ ಹಾರಿ, ಬಿಸಿಲಿಗೆ ತಲೆ ಕಾದು, ರಿಕ್ಷಾದವರೆಲ್ಲ ನೋಡಿ ನಗಲಿಕ್ಕಾ? ಮಾಡು ಹಾಕಿಸಿ. ಮತ್ತೆ ನೋಡುವ."

ಹನ್ನೊಂದು ತಿಂಗಳು ಪಕ್ಕದ ಸೀಟು ಖಾಲಿಯೇ ಉಳಿಯಿತು. ಜೂನಿನಲ್ಲಿ ನಮ್ಮ ಮದುವೆಗೆ ನಲವತ್ತು ವರ್ಷ ತುಂಬುವುದಿತ್ತು. ಆ ದಿನ ಭಾಂಡುಪ್‌ನಲ್ಲಿರುವ ಮಗಳ ಮನೆಗೆ ಊಟಕ್ಕೆ ಹೋಗುವುದು, ಕೆಂಪು ಕಾರಿನಲ್ಲೇ ಹೋಗುವುದು, ಸುಮತಿ ಪಕ್ಕದಲ್ಲಿ ಕೂರುವುದು ಎಂದು ನಾನು ಡೈರಿಯಲ್ಲಿ ಬರೆದಿಟ್ಟೆ. ಕಾರು ಮಾಡಿದ ಕಂಪನಿ ಮುಚ್ಚಿ ಯಾವ ಕಾಲವಾಯಿತೋ. ಬೇರೆ ಯಾರೋ ಅದೇ ಅಳತೆಗೆ ಹೊಲಿದು ಮಾರುವ ಹುಡ್ ಒಂದನ್ನು ಮಗಳು ಇಂಟರ್ನೆಟ್ಟಿನಲ್ಲಿ ಹುಡುಕಿ ತರಿಸಿಕೊಟ್ಟಳು. ಅದರ ಜೊತೆಗೆ ಹನ್ನೊಂದು ಸೂಚನೆಗಳಿದ್ದ ಒಂದು ಹಾಳೆಯೂ ಬಂತು. ಅದನ್ನು ನಾಲ್ಕು ಸಲ ಓದಿದೆ. ಹಾಳೆಯ ಕೆಳಗೆ, ಮೊದಲ ಕೆಲವು ವಾರ ಹುಡ್ಡನ್ನು ಮಡಚದೆ ಏರಿಸಿಯೇ ಇಡಿ ಎಂಬ ಒಂದು ಸಾಲೂ ಇತ್ತು. ಆದರೆ ಅದಕ್ಕೆ ಕ್ರಮಸಂಖ್ಯೆ ಇರಲಿಲ್ಲ. ಕ್ರಮಸಂಖ್ಯೆ ಇಲ್ಲದ ಸಾಲನ್ನು ನಾನು ಸೂಚನೆ ಎಂದು ಎಣಿಸುವುದಿಲ್ಲ.

ಕೂರಿಸುವವರು ಯಾರು? ದೊಡ್ಡ ಗ್ಯಾರೇಜಿನವರು ಫೋಟೋ ತೆಗೆದುಕೊಂಡು ಹೋದವರು ಮತ್ತೆ ಫೋನೆತ್ತಲಿಲ್ಲ. ಕೊನೆಗೆ ನಮ್ಮ ಗಲ್ಲಿಯ ಮಲ್ಲಪ್ಪನೇ ಗತಿಯಾದ. ವಿಜಯಪುರದ ಕಡೆಯವನು. ಇಪ್ಪತ್ತೈದು ವರ್ಷದಿಂದ ರಿಕ್ಷಾಗಳಿಗೆ ಹುಡ್ ಹೊಲಿಯುತ್ತಿದ್ದಾನೆ. ಜೋಗೇಶ್ವರಿಯಲ್ಲಿ ಮಳೆಗೆ ನೆನೆಯದೆ ಮನೆ ಸೇರಿದ ಅರ್ಧ ಜನ ಅವನ ಸೂಜಿಯ ಋಣದಲ್ಲಿದ್ದಾರೆ. ಅವನು ಹೊಸ ಹುಡ್ಡನ್ನು ಮೂಸಿ ನೋಡಿ, ಮೇ ತಿಂಗಳ ಬಿಸಿಲಿನಲ್ಲಿ ಹರವಿ, ಚಾ ಕುಡಿಯಲು ಹೊರಟ.

"ಕೆಲಸ ಶುರು ಮಾಡುವುದಿಲ್ಲವಾ?" ಎಂದೆ.

"ಶುರು ಆಗೇತ್ರಿ ಸಾಹೇಬ್ರ. ಬಿಸಲ ಮಾಡಾಕತ್ತೈತಿ."

ಬಟ್ಟೆ ಕಾದು ಮೆತ್ತಗಾದ ಮೇಲೆ ಕಬ್ಬಿಣದ ಕಮಾನುಗಳ ಮೇಲೆ ಹೊದಿಸಿ, ನಡುವಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದ. ನಾನು ಸ್ಟೀಲ್ ಟೇಪು ಹಿಡಿದು ನಿಂತಿದ್ದೆ, ಅವನು ಗೇಣು ಹಾಕುತ್ತಿದ್ದ. ಹಿಂದೆ ಬಿಗಿದು ಕಮಾನಿನ ಮುಂದಿನ ಪಟ್ಟಿಗೆ ಅಂಟು ಹಚ್ಚುವ ಮೊದಲು, "ಎರಡ ಬೆರಳ ಸಡ್ಲ ಬಿಡ್ತೀನ್ರಿ" ಎಂದ.

"ಸಡಿಲ ಯಾಕೆ? ಹಾಸಿಗೆಯ ಚಾದರದಲ್ಲಿ ಒಂದು ಸುಕ್ಕು ಕಂಡರೂ ನನಗೆ ನಿದ್ದೆ ಬರುವುದಿಲ್ಲ. ಡೋಲಿನ ಚರ್ಮದ ಹಾಗೆ ಬಿಗಿಯಾಗಿರಬೇಕು."

"ಬಿಸಲಾಗ ಹಿಗ್ಗೇತ್ರಿ ಅದು. ತಣ್ಣಗಾದ್ರ ಕುಗ್ಗತೈತಿ."

"ಕುಗ್ಗಲಿ. ಬಿಗಿ ಮಾಡು."

ಅವನು ಮಾಡಿದ. ಟಿಚ್ ಬಟನ್‌ಗಳಿಗೆ ತೂತು ಹೊಡೆಯುವಾಗ ಮಾತ್ರ ನನ್ನನ್ನು ದೂರ ಕಳಿಸಿದ. ಕೆಲಸ ಮುಗಿದಾಗ ಕಾರಿನ ತಲೆ ಆಗಷ್ಟೇ ಎಣ್ಣೆ ಹಚ್ಚಿ ಬಾಚಿದ ಹಾಗಿತ್ತು. ಬೆರಳಿನಿಂದ ಬಡಿದರೆ ಠಣ್ ಎನ್ನುತ್ತಿತ್ತು. ಹೊರಡುವಾಗ ಮಲ್ಲಪ್ಪ, "ಒಂದ್ ತಿಂಗಳ ಮಡಚಬ್ಯಾಡ್ರಿ, ಮೈಗೆ ಒಗ್ಗಬೇಕು" ಎಂದ. ನಾನು ತಲೆಯಾಡಿಸಿದೆ.

ಸಂಜೆ ಆರಕ್ಕೆ ಕೆಳಗೆ ಪಾರ್ಕಿಂಗಿಗೆ ಹೋದೆ. ಬಿಲ್ಡಿಂಗಿನ ಅಡಿಯಲ್ಲಿ, ಸಿಮೆಂಟಿನ ಮಾಡಿನ ಕೆಳಗೆ, ಬಿಡಿಸಿಟ್ಟ ಇನ್ನೊಂದು ಮಾಡು! ಮಾಡಿಗೆ ಯಾರಾದರೂ ಮಾಡು ಹಾಕುತ್ತಾರೆಯೇ? ಬಟನ್ ತೆಗೆದು, ಮೂಲೆಗೆ ಮೂಲೆ ಕೂಡಿಸಿ, ಅಂದವಾಗಿ ಮಡಚಿ ಸೀಟಿನ ಹಿಂದೆ ಇಟ್ಟೆ. ದಿನಾ ಬೆಳಿಗ್ಗೆ ಕಾರು ಒರೆಸುವಾಗ ಮಡಿಕೆ ಸರಿಯಿದೆಯೇ ಎಂದು ನೋಡುತ್ತಿದ್ದೆ. ಮೂರು ವಾರ ಮಡಿಕೆ ಒಂದಿಷ್ಟೂ ಕದಲಲಿಲ್ಲ. ನನಗೆ ಹೆಮ್ಮೆಯೇ ಆಗಿತ್ತು.

ಆ ದಿನ ಬಂತು. ಹನ್ನೊಂದಕ್ಕೆ ಹೊರಡುವುದು ಎಂದಿದ್ದೆ. ಸುಮತಿ ಹಸಿರು ರೇಷ್ಮೆ ಉಟ್ಟು, ಮಲ್ಲಿಗೆ ಮುಡಿದು, ಹತ್ತೂ ಐವತ್ತೆಂಟಕ್ಕೆ ಲಿಫ್ಟಿನಿಂದ ಇಳಿದಳು. ನನ್ನ ಎದೆ ಇಪ್ಪತ್ತೈದರ ಹುಡುಗನದಾಯಿತು. ಗೇಟಿನಾಚೆ ಆಕಾಶ ಆಗಲೇ ಕಪ್ಪಾಗಿತ್ತು.

"ಮಾಡೆಲ್ಲಿ?" ಎಂದಳು.

"ಉಂಟು. ಹಿಂದೆ ಮಡಚಿ ಇಟ್ಟಿದ್ದೇನೆ."

"ಮಾಡು ತಲೆಯ ಮೇಲೆ ಇರಬೇಕು ಮಾರಾಯ್ರೆ, ಬೆನ್ನ ಹಿಂದೆ ಅಲ್ಲ."

"ಎರಡೇ ನಿಮಿಷ" ಎಂದು ಹುಡ್ಡನ್ನು ಏರಿಸಿದೆ. ಮುಂದಕ್ಕೆ ಎಳೆದೆ. ಮುಂದಿನ ಗಾಜಿನ ಚೌಕಟ್ಟಿಗೆ ಇನ್ನೂ ನಾಲ್ಕು ಬೆರಳು ಉಳಿಯಿತು. ಮತ್ತೆ ಎಳೆದೆ. ನಾಲ್ಕೇ ಬೆರಳು. ಮಳೆ ಧೋ ಎಂದು ಸುರಿಯತೊಡಗಿತು. ವಾಚ್‌ಮನ್ ಓಡಿ ಬಂದು ಒಂದು ಮೂಲೆ ಹಿಡಿದ. ಸೊಸೈಟಿಯ ಸೆಕ್ರೆಟರಿ ಪಾಟೀಲರು ತರಕಾರಿ ಚೀಲ ಕೆಳಗಿಟ್ಟು ಇನ್ನೊಂದು ಮೂಲೆ ಹಿಡಿದರು. "ಅರೆ ಕಾಕಾ, ಜೋರ್ ಲಗಾವ್!" ಮೂವರೂ ಎಳೆದೆವು. ಟಪ್ ಎಂದು ಹಿಂದಿನ ಬಟನೊಂದು ಹಾರಿ ಪಾಟೀಲರ ಚೀಲದೊಳಗೆ ಬಿತ್ತು. ಬೆಚ್ಚಿ ಹಿಡಿತ ಬಿಟ್ಟೆವು, ನಾಲ್ಕು ಬೆರಳು ಐದಾಯಿತು.

ಸುಮತಿ ಕೈಗಡಿಯಾರ ನೋಡಿಕೊಂಡಳು. "ಹನ್ನೊಂದೂ ಹತ್ತು" ಎಂದಳು. ನಲವತ್ತು ವರ್ಷ ನಾನು ಅವಳಿಗೆ ಹೇಳಿದ ಧಾಟಿಯಲ್ಲೇ, ಒಂದು ಅಕ್ಷರವೂ ಹೆಚ್ಚಿಲ್ಲದೆ. ಆಮೇಲೆ ಗೇಟಿನ ಕಡೆಗೆ ಕೈಯೆತ್ತಿದಳು. "ಭಯ್ಯಾ, ಭಾಂಡುಪ್?"

ರಿಕ್ಷಾದಲ್ಲಿ ಅವಳ ಪಕ್ಕ ಬೆಪ್ಪನಂತೆ ಕೂತೆ. ಪವಾಯಿ ಕೆರೆಯ ಹತ್ತಿರ ಬರುವಾಗ ತಲೆಯೆತ್ತಿ ನೋಡಿದರೆ, ಹುಡ್ಡಿನ ಅಂಚಿನಲ್ಲಿ ನನಗೆ ಪರಿಚಯದ ಹೊಲಿಗೆ. ಮಲ್ಲಪ್ಪನದೇ. ಗಾಳಿಗೆ ಲಘುವಾಗಿ ಅಲ್ಲಾಡುತ್ತಿತ್ತು. ಒಂದು ಹನಿ ಒಳಗೆ ಬಂದಿರಲಿಲ್ಲ. ಕೈ ಚಾಚಿ ಅಳೆದೆ: ಸರಿಯಾಗಿ ಎರಡು ಬೆರಳು ಸಡಿಲ.

ಸುಮತಿ ಕೈಗೆ ಮೆಲ್ಲಗೆ ಹೊಡೆದಳು. "ಕೈ ಕೆಳಗಿಡಿ. ಇದನ್ನೂ ಮಡಚುತ್ತೀರಾ ಎಂತ?"

ಮರುದಿನ ಮಲ್ಲಪ್ಪ ಬಂದು ಮಡಿಕೆಯ ಗುರುತುಗಳನ್ನು ಸವರಿ ನೋಡಿದ. "ಅಂಗಿ ಇಸ್ತ್ರಿ ಮಾಡಿದಂಗ ಮಡಚೀರಲ್ರಿ ಸಾಹೇಬ್ರ!" ಮಳೆ ಬಿಟ್ಟ ಹೊತ್ತಿನ ಎಳೆಬಿಸಿಲಿಗೆ ಕಾರನ್ನು ತಳ್ಳಿ, ಮುಂದಿನ ಅಂಟು ಬಿಡಿಸಿ, ಎರಡು ಬೆರಳು ಸಡಿಲ ಬಿಟ್ಟು ಮತ್ತೆ ಕೂರಿಸಿದ. ಈ ಸಲ ಅವನು ನನ್ನ ಮುಖ ನೋಡಲಿಲ್ಲ. ಸುಮತಿಗೆ ಹೇಳಿದ: "ಅಕ್ಕಾರ, ತಿಂಗಳ ತನಕ ಇದನ್ನ ನೀವ ಕಾಯ್ರಿ. ಇವರ ಕೈ ಮ್ಯಾಲ ನನಗ ನಂಬಕಿ ಇಲ್ಲ."

ಅಂದು ಸಂಜೆ ಆರಕ್ಕೆ, ನೋಡಿ ಬರೋಣವೆಂದು ಮಾತ್ರ, ಕೆಳಗೆ ಹೋದೆ. ಎಡಗಡೆಯ ಸೀಟಿನಲ್ಲಿ, ಹೊಸ ಹುಡ್ಡಿನ ಕೆಳಗೆ, ಸುಮತಿ ಹರಿವೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಬಂದಿರಾ? ಗೊತ್ತಿತ್ತು ನನಗೆ. ಸುಮ್ಮನೆ ಈಚೆ ಕೂತು ಸೊಪ್ಪು ಬಿಡಿಸಿ."

ಅಂದಿನಿಂದ ದಿನಾ ಸಂಜೆ ಆರರಿಂದ ಏಳರವರೆಗೆ ನಾವಿಬ್ಬರೂ ನಮ್ಮ ಕೆಂಪು ಕಾರಿನಲ್ಲಿ ಕೂರುತ್ತೇವೆ. ಕಾರು ಎಲ್ಲಿಗೂ ಹೋಗುವುದಿಲ್ಲ. ಎದುರಿಗೆ ಕಾಣುವುದು ನೀರಿನ ಪಂಪು ಮತ್ತು ಪಾಟೀಲರ ಸ್ಕೂಟರು. ಅವಳು ಮಾತಾಡುತ್ತಾಳೆ, ನಾನು ಸೊಪ್ಪು ಬಿಡಿಸುತ್ತೇನೆ. ಮಲ್ಲಪ್ಪ ಕೊಟ್ಟ ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ. ನಿನ್ನೆ ಅವನಿಗೆ ಗುಟ್ಟಾಗಿ ಫೋನು ಮಾಡಿ, ಹುಡ್ ಇನ್ನೂ ಒಗ್ಗಿಲ್ಲ, ಮತ್ತೊಂದು ತಿಂಗಳು ಮಡಚಕೂಡದು ಎಂದು ಅವಳ ಎದುರಿಗೆ ಹೇಳು ಎಂದು ಕೇಳಿಕೊಂಡೆ.

"ಹೆಂಗ ಹೇಳ್ಲಿರಿ ಸಾಹೇಬ್ರ?" ಎಂದ ಮಲ್ಲಪ್ಪ. "ನಿಮ್ಮ ಎದರಿಗೆ ಇನ್ನೂ ಎರಡ ತಿಂಗಳ ಹೇಳು ಅಂತ ಅಕ್ಕಾರು ಮೊನ್ನೇನ ಫೋನ್ ಮಾಡ್ಯಾರ."