ಹೋಮ್ ಎಡಿಷನ್ನಿನ ಕನ್ನಡ

ಅಂಗಡಿಯವನು ಏನು ಹೇಳಿದರೂ ಅರ್ಥವಾದವನಂತೆ ತಲೆಯಾಡಿಸುವ ಕೆಟ್ಟ ಅಭ್ಯಾಸ ನನಗಿದೆ. ಇಪ್ಪತ್ತೆಂಟು ವರ್ಷ ಗಣಿತ ಹೇಳಿಕೊಟ್ಟು, ‘ಅರ್ಥವಾಗದಿದ್ದರೆ ಕೈ ಎತ್ತಿ’ ಎಂದು ಮಕ್ಕಳನ್ನು ಗದರಿಸಿದ ಮೇಷ್ಟ್ರು ತಾನೇ ಕೈ ಎತ್ತುವುದು ಹೇಗೆ? ಮಿಕ್ಸಿ ಕೊಳ್ಳುವಾಗಲೂ ತಲೆಯಾಡಿಸಿದ್ದೆ. ಅದರ ಮೂರನೆಯ ಜಾರ್ ಯಾತಕ್ಕೆಂದು ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ತಿಳಿಯದು. ಕೋಲಾರದಲ್ಲಿ ಲ್ಯಾಪ್‌ಟಾಪ್ ಕೊಳ್ಳುವಾಗ, “ಆಪರೇಟಿಂಗ್ ಸಿಸ್ಟಮ್ ಹೋಮ್ ಎಡಿಷನ್ನಾ, ಪ್ರೊ ಎಡಿಷನ್ನಾ ಸಾರ್?” ಎಂದು ಕೇಳಿದರು. ಒಯ್ಯುತ್ತಿರುವುದು ಮನೆಗೆ ತಾನೇ? “ಹೋಮೇ ಕೊಡಿ” ಎಂದು ಗಂಭೀರವಾಗಿ ಹೇಳಿ ಶ್ರೀನಿವಾಸಪುರದ ಬಸ್ಸು ಹತ್ತಿದೆ.

ತಂದದ್ದು ನನಗಾಗಿ. ಅದರ ಮುಂದೆ ಕೂತವರು ನಮ್ಮತ್ತೆ ಮುನಿವೆಂಕಟಮ್ಮ. ಗೌನಿಪಲ್ಲಿಯವರು, ಎಪ್ಪತ್ತು ದಾಟಿದವರು. ಅರಿಸಿನ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಬೀಗರನ್ನು ಹಂಗಿಸುವ ಹಾಡು, ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಅವರಿಗೆ ಬಾರದ ಮದುವೆ ಹಾಡಿಲ್ಲ. ನನ್ನ ಮಗಳ ಮದುವೆ ನಿಶ್ಚಯವಾಗಿತ್ತು. ಹಾಡುಗಳನ್ನೆಲ್ಲ ತಾವೇ ಟೈಪು ಮಾಡಿ, ಪುಸ್ತಕ ಮಾಡಿಸಿ ಮೊಮ್ಮಗಳ ಕೈಗಿಡಬೇಕೆಂದು ಅವರ ಆಸೆ. ಒಂದೇ ಬೆರಳಿನಲ್ಲಿ ಕನ್ನಡ ಒತ್ತುವುದನ್ನು ವಾರದಲ್ಲಿ ಕಲಿತುಬಿಟ್ಟರು. ಆದರೆ ಪರದೆಯ ಮೇಲಿನ ಮಿಕ್ಕ ಮಾತೆಲ್ಲ ಇಂಗ್ಲಿಷು, ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ನಾನು ಶಾಲೆಗೆ ಹೋಗಿದ್ದಾಗ ಒಂದು ದಿನ ಅದು ಏನೋ ಕೇಳಿತಂತೆ. ಇವರು ಕೈಗೆ ಸಿಕ್ಕಿದ್ದನ್ನು ಒತ್ತಿದರು. ‘ಉಳಿಸುವುದು ಬೇಡ’ ಎಂಬ ಗುಂಡಿ ಅದು. ಹನ್ನೊಂದು ಹಾಡು ಹೋದವು. ನಾನು ಬಂದಾಗ ಅತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದರು, ಕಾಫಿ ಆರಿಹೋಗಿತ್ತು.

ಸರಿ, ಪರದೆಯನ್ನೇ ಕನ್ನಡಕ್ಕೆ ತಿರುಗಿಸೋಣವೆಂದು ಕೂತೆ. ಪಟ್ಟಿಯಲ್ಲಿ ಕನ್ನಡವೂ ಇತ್ತು. ಒತ್ತಿದೆ. ನಿಮ್ಮ ಲೈಸೆನ್ಸಿಗೆ ಒಂದೇ ಭಾಷೆ ಎಂದು, ಅದನ್ನೂ ಇಂಗ್ಲಿಷಿನಲ್ಲೇ, ಹೇಳಿತು.

ಮರುದಿನ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ನಯಾಜ್ ಸಾಹೇಬರಲ್ಲಿಗೆ ಹೋದೆ. ಅತ್ತೆಯೂ ಹಟ ಹಿಡಿದು ಬಂದರು. ನಯಾಜ್ ಕನ್ನಡಕ ಏರಿಸಿ ನೋಡಿ, “ಕನ್ನಡ ಮಾಡಿಟ್ಟವ್ರೆ ಸಾರ್, ಬೀಗ ಹಾಕವ್ರೆ. ಮೇಲಿನ ಎಡಿಷನ್ ತಗೊಂಡ್ರೆ ತೆಗೀತಾರೆ” ಎಂದರು.

“ಅಂದ್ರೆ ಅದು ಬೇರೆ ಸಾಮಾನಾ?” ಎಂದರು ಅತ್ತೆ.

“ಸಾಮಾನೆಲ್ಲ ಒಂದೇ ಅಮ್ಮ. ಬಿಡಿಬಿಡಿ ಮಾಡಿ ಒಂದೊಂದಕ್ಕೂ ಒಂದು ರೇಟು ಇಡ್ತಾರೆ.”

ಅತ್ತೆ ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. “ದೋಸೆಗೆ ಕಾಸು ಇಸ್ಕೊಂಡು ಚಟ್ನೀನ ಬೀರುನಾಗಿಟ್ಟು ಬೀಗ ಹಾಕ್ದಂಗಾಯ್ತಲ್ಲಪ್ಪ. ನಮ್ಮೂರಾಗೆ ಮಾವಿನಕಾಯಿ ಕೀಳೋರಿಗೂ ಮೂರು ಭಾಷೆ ಬರ್ತದೆ. ಎರಡನೇದಕ್ಕೆ ಯಾರೂ ಕೂಲಿ ಜಾಸ್ತಿ ಕೇಳಲ್ಲ.”

“ಈ ಸಿಸ್ಟಮ್ ತೆಗೆದು ಬೇರೇದು ಹಾಕ್ತೀನಿ ಬಿಡಿ, ಅದ್ರಾಗೆ ಕನ್ನಡಕ್ಕೆ ಬೀಗ ಇಲ್ಲ. ಯಾರು ಬೇಕಾದ್ರೂ ಹಂಚ್ಕೋಬಹುದು. ಪುಕ್ಕಟೆ.”

ನನ್ನೊಳಗಿನ ಮೇಷ್ಟ್ರು ಎದ್ದು ಕೂತ. “ಪುಕ್ಕಟೆ ಬಂದಿದ್ದು ಸರಿಯಾಗಿ ಕೆಲ್ಸ ಮಾಡ್ತದಾ?” ಎಂದೆ.

“ನನ್ನ ಹಾಡೂ ಪುಕ್ಕಟೇನೇ” ಎಂದರು ಅತ್ತೆ, ನನ್ನ ಕಡೆ ನೋಡದೆ.

ಒಂದು ಗಂಟೆಯಲ್ಲಿ ಪರದೆ ಕನ್ನಡವಾಯಿತು. ‘ಉಳಿಸು’ ಎಂಬ ಮಾತನ್ನು ಅತ್ತೆ ಬೆರಳಿಟ್ಟು ಎರಡು ಸಲ ಜೋರಾಗಿ ಓದಿದರು. ಹೋದ ಹನ್ನೊಂದು ಹಾಡು ಇಪ್ಪತ್ತಾಗಿ ಮರಳಿದವು, ಏಕೆಂದರೆ ಸುದ್ದಿ ತಿಳಿದ ಬೀದಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿ, ಮರೆತ ಸಾಲುಗಳನ್ನು ನೆನಪಿಸಿ, ಜಗಳವಾಡಿ, ಮತ್ತೆ ಹಾಡಿದರು. ನಯಾಜರ ಹೆಂಡತಿ ಬಂದು ತಮ್ಮ ಮನೆಯ ಒಂದು ಶಾದಿ ಹಾಡು ಹೇಳಿಕೊಟ್ಟರು. ಅದೂ ಕನ್ನಡ ಅಕ್ಷರದಲ್ಲಿ ಪುಸ್ತಕ ಸೇರಿತು. ಮದುವೆಯ ದಿನ ಮುಳಬಾಗಿಲಿನ ಛತ್ರದಲ್ಲಿ ಬೀಗರನ್ನು ಹಂಗಿಸುವ ಹಾಡಿನ ಪುಟ ತೆಗೆದಾಗ, ಬೀಗಿತ್ತಿಯೇ ಪುಸ್ತಕ ಕಸಿದುಕೊಂಡು ತಮ್ಮ ಗಂಡನನ್ನು ಹಂಗಿಸಿ ಹಾಡಿದರು.

ಮದುವೆಯ ಸಡಗರ ಮುಗಿದು, ಅಂಕಪಟ್ಟಿ ಮಾಡಲು ಲ್ಯಾಪ್‌ಟಾಪ್ ತೆರೆದೆ. ಪಾಸ್‌ವರ್ಡ್ ಕೇಳಿತು. ಅತ್ತೆ ನಯಾಜರಿಂದ ಹೇಳಿಸಿಕೊಂಡು ಯಂತ್ರದ ಯಜಮಾನಿಕೆಯನ್ನು ತಮ್ಮ ಹೆಸರಿಗೆ ಮಾಡಿಕೊಂಡಿದ್ದರು. ನನಗೆ ಇಟ್ಟಿದ್ದು ‘ಅತಿಥಿ’ ಎಂಬ ಖಾತೆ.

“ತಪ್ಪು ತಿಳ್ಕೋಬೇಡಿ. ನೀವು ಏನೇನೋ ಒತ್ತಿ ನನ್ನ ಹಾಡು ಕಳ್ದುಬಿಟ್ರೆ?” ಎಂದರು.

ಇದನ್ನೂ ಅತಿಥಿಯಾಗಿಯೇ ಬರೆಯುತ್ತಿದ್ದೇನೆ. ಅತ್ತೆ ಅಡುಗೆಮನೆಯಿಂದ ಬಂದು ಒಮ್ಮೆ ಓದುತ್ತಾರಂತೆ. ಉಳಿಸಬೇಕೋ ಬೇಡವೋ ಆಮೇಲೆ ಹೇಳುತ್ತಾರೆ.